ಯುದ್ಧದಲ್ಲಿ ಹೋದ ಹುಡುಗನ ನೆನಪನ್ನು ಊರಲ್ಲಿ ಉಳಿಸೋದು ಹೇಗೆ?

ಪ್ರಶ್ನೆ: ನಮ್ಮ ಅಜ್ಜಿಯ ತಮ್ಮ 1971ರ ಯುದ್ಧದಲ್ಲಿ ತೀರಿಕೊಂಡರು. ಆಗ ಅವರಿಗೆ 22 ವರ್ಷ, ಮದುವೆ ಆಗಿರಲಿಲ್ಲ. ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಶಕರ್‌ಗಢ ಅನ್ನೋ ಕಡೆ ಸತ್ತರು ಅಂತ ಮನೆಯಲ್ಲಿ ಹೇಳುತ್ತಾರೆ. ಗೊತ್ತಿರೋದು ಅಷ್ಟೇ. ದೇಹ ಊರಿಗೆ ಬರಲಿಲ್ಲ, ತಂತಿ ಬಂತಂತೆ. ಅಜ್ಜಿಗೆ ಈಗ 80 ದಾಟಿದೆ. ಪ್ರತಿ ವರ್ಷ ಹಿರಿಯರಿಗೆ ಎಡೆ ಇಡುವಾಗ ತಮ್ಮನಿಗೆ ಅಂತ ಒಂದು ಕಟ್ಟು ಬೀಡಿ ಇಡುತ್ತಾರೆ. ಊರಿನ ಹುಡುಗರು ಬಸ್ ಸ್ಟ್ಯಾಂಡ್ ಹತ್ತಿರ ಪ್ರತಿಮೆ ನಿಲ್ಲಿಸೋಣ ಅಂತಿದ್ದಾರೆ. ಅವರು ಎಲ್ಲಿ, ಹೇಗೆ ಸತ್ತರು ಅಂತ ಈಗ ತಿಳಿಯೋಕೆ ಆಗುತ್ತಾ? ಪ್ರತಿಮೆ ಮಾಡೋದು ಸರಿಯಾ? — ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಬಹುತೇಕ ತಿಳಿಯೋಕೆ ಆಗುತ್ತೆ. ಪ್ರತಿಮೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಕಾರಣ ಆಮೇಲೆ ಹೇಳುತ್ತೇನೆ.

ಮೊದಲು ಆ ಬೀಡಿ ಕಟ್ಟಿನ ವಿಷಯ. ನಿಮ್ಮ ಪತ್ರದಲ್ಲಿ ಆ ಹುಡುಗನ ಬಗ್ಗೆ ಇರುವ ನಿಜವಾದ ಮಾಹಿತಿ ಅದೊಂದೇ. ಉಳಿದದ್ದು ಆ ಯುದ್ಧದಲ್ಲಿ ಹೋದ ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು. ಬೀಡಿ ಮಾತ್ರ ಅವನದು. ಸೈನಿಕರ ಕುಟುಂಬಗಳ ಹಳೆಯ ಕಾಗದಪತ್ರ ನೋಡೋದೇ ನನ್ನ ಕೆಲಸ. ಅದರಲ್ಲಿ ಕಂಡಿದ್ದು ಹೇಳುತ್ತೇನೆ. ಹೋದವರು ಮರೆತು ಹೋಗೋದು ಯಾರೂ ಹೊಗಳದೇ ಇದ್ದಾಗ ಅಲ್ಲ. ಹೊಗಳಿಕೆ ಜಾಸ್ತಿಯಾಗಿ ಹುಡುಗ ಕಾಣದೇ ಹೋದಾಗ. 'ವೀರಯೋಧ', 'ಅಮರ', 'ತಾಯ್ನಾಡಿಗಾಗಿ ಪ್ರಾಣ ಕೊಟ್ಟ' ಅಂತೆಲ್ಲ ಬೋರ್ಡ್ ಬರೆಸಿರುತ್ತಾರೆ. ಯಾವ ರೆಜಿಮೆಂಟು, ಯಾವ ದಿನ, ಯಾರ ಮಗ ಅಂತ ಕೇಳಿದರೆ ಬೋರ್ಡ್ ನಿಲ್ಲಿಸಿದವರಿಗೇ ಗೊತ್ತಿರಲ್ಲ.

ಹಾಗಾಗಿ ಕಚೇರಿಗೆ ಹೋಗುವ ಮುಂಚೆ ಅಜ್ಜಿ ಹತ್ತಿರ ಕೂತುಕೊಳ್ಳಿ. ಕಚೇರಿಯ ಫೈಲು ಮುಂದಿನ ವರ್ಷವೂ ಇರುತ್ತೆ. 'ಹೇಗೆ ಸತ್ತರು' ಅಂತ ಶುರು ಮಾಡಬೇಡಿ. ಅದು ಅವರಿಗೂ ಗೊತ್ತಿಲ್ಲ, ಸುಮ್ನೆ ಅಳು ಬರುತ್ತೆ. ಹೇಗೆ ಬದುಕಿದ್ದ ಅಂತ ಕೇಳಿ. ಬೀಡಿ ಕಲಿತಿದ್ದು ಯಾವಾಗ, ಅಪ್ಪನ ಕೈಗೆ ಸಿಕ್ಕಿಬಿದ್ದಿದ್ದನಾ? ಭರ್ತಿಗೆ ಹೋದಾಗ ಜೊತೆಗೆ ಯಾರು ಹೋದರು? ಮನೆಯಲ್ಲಿ ಹೇಳಿ ಹೋದನಾ, ಹೇಳದೆ ಹೋದನಾ? ರಜೆಗೆ ಬಂದಾಗ ಏನು ತಂದಿದ್ದ? ಹುಡುಗಿ ನೋಡಿದ್ದರಾ? ವಾಪಸು ಹೋಗುವಾಗ ಬಸ್ಸಿಗೆ ಬಿಟ್ಟು ಬಂದವರು ಯಾರು? ಮೊಬೈಲಲ್ಲಿ ರೆಕಾರ್ಡ್ ಹಾಕಿ ಪಕ್ಕಕ್ಕಿಡಿ, ಅವರ ಮುಖದ ಮುಂದೆ ಹಿಡಿಯಬೇಡಿ. ಸುಸ್ತಾದರೆ ನಿಲ್ಲಿಸಿ, ಇನ್ನೊಂದು ದಿನ ಕೂತುಕೊಳ್ಳಿ. ಅವರು ಹೇಳುವ ತಾರೀಖು ತಪ್ಪಿದ್ದರೂ ತಿದ್ದಬೇಡಿ. 'ರಾಗಿ ಕೊಯ್ಲಿನ ಟೈಮಲ್ಲಿ ತಂತಿ ಬಂತು' ಅಂದರೆ ಹಾಗೇ ಬರೆದುಕೊಳ್ಳಿ. ಡಿಸೆಂಬರ್ ಯುದ್ಧಕ್ಕೆ ಅದು ಸರಿಯಾಗಿಯೇ ಹೊಂದುತ್ತೆ.

ಆಮೇಲೆ ಅಟ್ಟ ಹತ್ತಿ. ಹುಡುಕಬೇಕಾಗಿರೋದು ಒಂದು ನಂಬರ್. ಸೈನ್ಯದಲ್ಲಿ ಮನುಷ್ಯನ ಗುರುತು ಹೆಸರಿಗಿಂತ ನಂಬರಿನಲ್ಲಿದೆ. ಆರ್ಮಿ ನಂಬರ್ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಸತ್ತವರ ಸಾಮಾನು ಕಪ್ಪು ಟ್ರಂಕಿನಲ್ಲಿ ಮನೆಗೆ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಅದೇ ಟ್ರಂಕಿನಲ್ಲಿ ಈಗ ಹಳೆ ಸೀರೆ, ಕಂಬಳಿ ತುಂಬಿರುತ್ತಾರೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಬರೆದಿರೋದು ರೂಢಿ. ಬಣ್ಣ ಉದುರಿದ್ದರೆ ಟಾರ್ಚನ್ನು ಅಡ್ಡಡ್ಡವಾಗಿ ಹಿಡಿದು ನೋಡಿ, ಬ್ರಷ್ ಗೀಟು ಕಾಣುತ್ತೆ. ಮೇಲೆ ಪೇಂಟ್ ಹೊಡೆಸಿದ್ದರೆ ಒಳಗಡೆ ನೋಡಿ.

ಮೆಡಲ್ ಇದ್ದರೆ ಇನ್ನೂ ಒಳ್ಳೆಯದು. 1971ರಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ್ ಮೆಡಲ್ ಇತ್ತು, ಪಶ್ಚಿಮದ ಗಡಿಯಲ್ಲಿ ಇದ್ದವರಿಗೆ ಪಶ್ಚಿಮೀ ಸ್ಟಾರ್. ಮನೆಯವರು ಮೆಡಲಿನ ಎರಡು ಮುಖ ನೋಡುತ್ತಾರೆ, ಅಂಚು ನೋಡಲ್ಲ. ದುಂಡಗಿನ ಮೆಡಲಿನ ಅಂಚನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ನಂಬರು, ಹೆಸರು ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ ಮತ್ತೆ, ಅಕ್ಷರವೇ ಸವೆದು ಹೋಗುತ್ತೆ.

ಕಾಗದ ಇದ್ದರೆ ಇನ್‌ಲ್ಯಾಂಡ್ ಲೆಟರಿನ ಹಿಂಬದಿ ನೋಡಿ. '56 ಎಪಿಒ' ಅಂತ ಇರಬಹುದು. ಅದು ಊರಲ್ಲ, ಸೈನ್ಯದ ಅಂಚೆ ವಿಳಾಸ. ಎಲ್ಲಿದ್ದರು ಅಂತ ಅದರಿಂದ ಗೊತ್ತಾಗಲ್ಲ, ಆದರೆ ಅದರ ಮೇಲಿನ ಸಾಲಿನಲ್ಲಿ ಯೂನಿಟ್ಟಿನ ಹೆಸರು ಇರುತ್ತೆ. ಮನಿಯಾರ್ಡರ್ ಚೀಟಿಯ ತುಂಡು ಇದ್ದರೆ ಅದನ್ನೂ ಎಸೆಯಬೇಡಿ. ಅವರ ತಂದೆ ತಾಯಿಗೆ ಪೆನ್ಷನ್ ಬರುತ್ತಿತ್ತಾ ಅಂತ ವಿಚಾರಿಸಿ. ಬರುತ್ತಿದ್ದರೆ ಪಿಪಿಒ ಅನ್ನೋ ಪೆನ್ಷನ್ ಆದೇಶದ ಕಾಗದ ಎಲ್ಲೋ ಇರಬೇಕು, ಜಮೀನಿನ ಪಹಣಿ ಜೊತೆ ಸೇರಿಕೊಂಡಿರೋದೇ ಜಾಸ್ತಿ. ಅದರಲ್ಲೂ ನಂಬರ್ ಸಿಗುತ್ತೆ.

ಈಗ ಕಚೇರಿ. ಮದ್ರಾಸ್ ಸ್ಯಾಪರ್ಸ್ ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಎಂಇಜಿ. ಇದರ ಮೂಲ 1780ರಷ್ಟು ಹಳೆಯದು. ಸೆಂಟರ್ ಇರೋದು ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲೇ. ಸೈನಿಕರ ದಾಖಲೆ ಇಡುವ ಇವರ ರೆಕಾರ್ಡ್ ಆಫೀಸು ಕೂಡ ಬೆಂಗಳೂರಲ್ಲೇ ಇರೋದು ನಿಮ್ಮ ಅದೃಷ್ಟ. ಬೇರೆ ಎಷ್ಟೋ ರೆಜಿಮೆಂಟಿನವರ ಮನೆಯವರು ಇದೇ ಕೆಲಸಕ್ಕೆ ಉತ್ತರ ಭಾರತಕ್ಕೆ ಬರೆಯಬೇಕಾಗುತ್ತೆ. ನೀವು ಮೊದಲು ಹಾಸನದಲ್ಲೇ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ಅಲ್ಲಿ ಜಿಲ್ಲೆಯ ಯುದ್ಧದಲ್ಲಿ ಮಡಿದವರ ಪಟ್ಟಿ ಇಟ್ಟಿರುತ್ತಾರೆ. ಅವರ ಮುಖಾಂತರ ರೆಕಾರ್ಡ್ ಆಫೀಸಿಗೆ ಅರ್ಜಿ ಹೋದರೆ ಉತ್ತರ ಬೇಗ ಬರುತ್ತೆ.

ಅರ್ಜಿ ಒಂದೇ ಪುಟ ಇರಲಿ. ನಂಬರ್, ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು. ಅಜ್ಜಿ ಅವರ ಸ್ವಂತ ಅಕ್ಕ ಅನ್ನೋದಕ್ಕೆ ವಂಶವೃಕ್ಷದ ಪ್ರತಿ. ಕೇಳಬೇಕಾದ್ದು ಸತ್ತ ದಿನ, ಜಾಗ, ಯೂನಿಟ್, ಕಾರಣ, ಅಂತ್ಯಸಂಸ್ಕಾರ ಎಲ್ಲಿ ಆಯಿತು ಅನ್ನೋದು. ಅಜ್ಜಿಯ ಹೆಬ್ಬೆಟ್ಟೋ ಸಹಿಯೋ ಅವರದೇ ಇರಲಿ. ಮೊಮ್ಮಗನ ಅರ್ಜಿಗಿಂತ ಅಕ್ಕನ ಅರ್ಜಿಗೆ ತೂಕ ಜಾಸ್ತಿ. ದಾಖಲೆಯಲ್ಲಿ 'ಹುತಾತ್ಮ' ಅಂತ ಎಲ್ಲೂ ಇರಲ್ಲ, 'ಬ್ಯಾಟಲ್ ಕ್ಯಾಶುವಲ್ಟಿ' ಅಂತ ಇರುತ್ತೆ. ಒಣ ಭಾಷೆ ನೋಡಿ ಬೇಜಾರಾಗಬೇಡಿ.

ಹೆಸರಿನ ಕಾಗುಣಿತ ಒಂದು ದೊಡ್ಡ ತಲೆನೋವು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದವರು ಕನ್ನಡ ಬಲ್ಲವರೇ ಆಗಿರಬೇಕು ಅಂತೇನೂ ಇರಲಿಲ್ಲ. ಗೌಡ ಅನ್ನೋದಕ್ಕೇ ಮೂರು ನಾಲ್ಕು ಕಾಗುಣಿತ. ಒಬ್ಬರದು ತಂದೆಯ ಹೆಸರು ಮುಂದೆ ಬಂದಿರುತ್ತೆ, ಇನ್ನೊಬ್ಬರದು ಊರಿನ ಹೆಸರೇ ಬಿಟ್ಟುಹೋಗಿರುತ್ತೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟಿನಲ್ಲಿ ಹುಡುಕುವಾಗ ಇದೇ ತೊಂದರೆ. ಹೆಸರು ಹಾಕಿದರೆ ಬರಲಿಲ್ಲ ಅಂತ ಕೈಬಿಡಬೇಡಿ, ನಂಬರ್ ಹಾಕಿ. ಆ ಸ್ಮಾರಕ ಉದ್ಘಾಟನೆಯಾಗಿದ್ದು 2019ರ ಫೆಬ್ರವರಿ 25ರಂದು, ಇಂಡಿಯಾ ಗೇಟ್ ಪಕ್ಕದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಮಡಿದವರ ಹೆಸರುಗಳನ್ನು ತ್ಯಾಗ ಚಕ್ರ ಅನ್ನುವ ಸುತ್ತಿನ ಗೋಡೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆಯಂತೆ ಕೆತ್ತಿದ್ದಾರೆ. ಉದ್ಘಾಟನೆಯ ಹೊತ್ತಿಗೆ 25,942 ಹೆಸರು ಇದ್ದವು. ನಿಮ್ಮವರದೂ ಅಲ್ಲಿ ಇರಬೇಕು. ಇಲ್ಲದೇ ಇದ್ದರೆ, ಅಥವಾ ಹೆಸರು ತಪ್ಪಾಗಿದ್ದರೆ, ರೆಕಾರ್ಡ್ ಆಫೀಸಿನ ಪತ್ರ ಇಟ್ಟುಕೊಂಡು ಬರೆಯಬಹುದು.

(1947ಕ್ಕಿಂತ ಮುಂಚೆ, ಬ್ರಿಟಿಷರ ಕಾಲದ ಎರಡು ಮಹಾಯುದ್ಧಗಳಲ್ಲಿ ಹೋದವರ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೆ ದಾರಿ ಬೇರೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹುಡುಕಿ. ಸಿಗದೇ ಇರಬಹುದು. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತದ, ಆಫ್ರಿಕಾದ ಎಷ್ಟೋ ಸೈನಿಕರ, ಕೂಲಿಯಾಳುಗಳ ಹೆಸರನ್ನು ಎಲ್ಲೂ ಬರೆಸಲೇ ಇಲ್ಲ ಅಂತ ಆ ಸಂಸ್ಥೆಯೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ.)

ಇನ್ನು ಶಕರ್‌ಗಢ. ಅದು ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿ, ಜಮ್ಮು–ಪಠಾಣ್‌ಕೋಟ್ ಕಡೆಗೆ ಚಾಚಿಕೊಂಡಿರುವ ಜಾಗ. 1971ರ ಡಿಸೆಂಬರಿನಲ್ಲಿ ನಮ್ಮ ಸೈನ್ಯ ಅದರೊಳಗೆ ನುಗ್ಗಿತು. ಅಲ್ಲಿ ಎದುರಾದ ದೊಡ್ಡ ಅಡ್ಡಿ ನೆಲಬಾಂಬು. ಉದ್ದಕ್ಕೂ ಮೈನ್ ಹೂತಿದ್ದರು. ಸ್ಯಾಪರ್‌ಗಳ ಕೆಲಸ ಅಂದರೆ ಎಲ್ಲರಿಗಿಂತ ಮುಂದೆ ಹೋಗಿ ಆ ಮೈನ್ ತೆಗೆದು, ಟ್ಯಾಂಕುಗಳಿಗೆ ದಾರಿ ಮಾಡಿ, ಕತ್ತಲಲ್ಲಿ ಆ ದಾರಿಯ ಗುರುತು ಹಾಕೋದು. ಮೇಲಿಂದ ಶೆಲ್ ಬೀಳುತ್ತಿರುತ್ತೆ. ಇವರ ಕೈಯಲ್ಲಿ ಬಂದೂಕಿಗಿಂತ ಬೇರೆ ಸಾಮಾನೇ ಜಾಸ್ತಿ. ಬಗ್ಗಿಕೊಂಡು, ನೆಲ ನೋಡಿಕೊಂಡು ಮಾಡುವ ಕೆಲಸ.

ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟ್ ಈ ಕೆಲಸ ಮಾಡಿದ್ದು ಇಲ್ಲೇ, ಬಸಂತರ್ ನದಿಯ ಹತ್ತಿರ. ಆ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಡಿಸೆಂಬರ್ 15ರ ರಾತ್ರಿ ಮೈನ್ ತೆಗೆಯುವ ಕೆಲಸ ಪೂರ್ತಿ ಆಗಿರಲಿಲ್ಲ. ಅಷ್ಟರಲ್ಲಿ ಆಚೆ ದಡದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಬರುತ್ತಿವೆ ಅಂತ ಗೊತ್ತಾಯಿತು. ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಕಾಯಲಿಲ್ಲ, ಉಳಿದ ಮೈನ್‌ಗಳ ಮೇಲೆಯೇ ನುಗ್ಗಿದವು. ಆ ಟ್ಯಾಂಕುಗಳ ಜೊತೆ ಹೋದವರಲ್ಲಿ ಒಬ್ಬರು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್. 21 ವರ್ಷ, ಸೈನ್ಯದಲ್ಲಿ ಅಧಿಕಾರಿಯಾಗಿ ಆರು ತಿಂಗಳು. 16ನೇ ತಾರೀಖು ಸತ್ತರು, ಪರಮವೀರ ಚಕ್ರ ಬಂತು. ನಿಮ್ಮವರು 9 ಎಂಜಿನಿಯರ್‌ನಲ್ಲೇ ಇದ್ದರಾ ಅನ್ನೋದನ್ನು ರೆಕಾರ್ಡ್ ಆಫೀಸಿನ ಪತ್ರವೇ ಹೇಳಬೇಕು. ಇದ್ದಿದ್ದರೆ, ದೇಶಕ್ಕೆಲ್ಲ ಗೊತ್ತಿರುವ ಆ ಹುಡುಗ ಹೋದ ದಾರಿಯನ್ನು ಮಾಡಿಕೊಟ್ಟವರಲ್ಲಿ ನಿಮ್ಮ ಅಜ್ಜಿಯ ತಮ್ಮನೂ ಒಬ್ಬ ಆಗಿರಬಹುದು. ಇಂಥ ಒಂದು ಸಾಲಿಗೆ ಯಾವ ಬಿರುದೂ ಸಮ ಅಲ್ಲ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಸತ್ತ ತಾರೀಖು ಡಿಸೆಂಬರ್ 17ರ ಕದನವಿರಾಮದ ಆಚೆಗೆ ಇದ್ದರೂ ಇರಬಹುದು. ಯುದ್ಧ ನಿಂತ ಮೇಲೆ ಉಳಿದವರು ಉಸಿರು ಬಿಡುತ್ತಾರೆ, ಸ್ಯಾಪರ್‌ಗಳು ಮೈನ್ ಎತ್ತುತ್ತಾ ಇರುತ್ತಾರೆ. ಹಾಗಿದ್ದರೆ 'ಹೋರಾಡುತ್ತಾ ಮಡಿದರು' ಅಂತ ಸುಳ್ಳು ಬರೆಸಬೇಡಿ. ಮೈನ್ ತೆಗೆಯುತ್ತಾ ಸತ್ತವನ ಸಾವು ಸಣ್ಣದಲ್ಲ.

ಹೇಗೆ ಸತ್ತರು ಅನ್ನೋ ವಿವರ ಪೂರ್ತಿ ಸಿಗೋದು ಕಷ್ಟ. ರೆಕಾರ್ಡ್ ಆಫೀಸಿನ ಪತ್ರದಲ್ಲಿ ಎರಡು ಸಾಲು ಇದ್ದರೆ ಹೆಚ್ಚು. ಜೊತೆಗಿದ್ದವರು ಹೇಳಬೇಕು. ಅವರಿಗೂ ಈಗ 75, 80 ವರ್ಷ, ಆದ್ದರಿಂದ ಅವಸರ ಮಾಡಿ. ಎಂಇಜಿಯ ಮಾಜಿ ಸೈನಿಕರು ತಮಿಳುನಾಡು, ಆಂಧ್ರ, ಕೇರಳ, ಕರ್ನಾಟಕ ಎಲ್ಲ ಕಡೆ ಇದ್ದಾರೆ. ನಿಮಗೆ ಬೇಕಾದವರು ಸೇಲಂ ಕಡೆಯ ಯಾವುದೋ ಹಳ್ಳಿಯಲ್ಲಿ ತಮಿಳು ಮಾತಾಡಿಕೊಂಡು ಇರಬಹುದು.

ಕೆಲವು ಸಲ ಸುದ್ದಿ ಬರೋದು ಎದುರಾಳಿಯ ಕಡೆಯಿಂದ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ಹಾಗೇ ಆಯಿತು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೆರ್ ವಿಮಾನಗಳಲ್ಲಿ ಅವರದು ವಾಪಸು ಬರಲಿಲ್ಲ. 32 ವರ್ಷ. ಏನಾಯಿತು ಅಂತ ನಮ್ಮವರಿಗೆ ಗೊತ್ತಿರಲಿಲ್ಲ, 'ಕಾಣೆ' ಅಂತ ಬರೆದರು. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಹೊರಬಂತು. ಆಗ ಗೊತ್ತಾಯಿತು, ದೇವಯ್ಯ ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದು ಉರುಳಿಸಿದ್ದರು ಅಂತ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ತಡವಾಗಿ. ಈಗ ಮಡಿಕೇರಿಗೆ ಹೋದವರು ಅವರ ಪ್ರತಿಮೆ ನೋಡಿರುತ್ತಾರೆ. ಆ ಪ್ರತಿಮೆಗೆ ಅರ್ಥ ಬಂದಿದ್ದು ಆ ಬೆಳಗಿನ ಕೆಲವು ನಿಮಿಷಗಳ ವಿವರ ಸಿಕ್ಕಿದ ಮೇಲೆ.

ಅರುಣ್ ಖೇತರ್‌ಪಾಲ್ ಅವರ ತಂದೆಯದೂ ಹೀಗೇ. ಬ್ರಿಗೇಡಿಯರ್ ಆಗಿ ನಿವೃತ್ತರಾಗಿದ್ದ ಅವರು 2001ರಲ್ಲಿ, 81ನೇ ವಯಸ್ಸಿನಲ್ಲಿ, ತಾವು ಹುಟ್ಟಿದ ಊರು ನೋಡೋಕೆ ಪಾಕಿಸ್ತಾನಕ್ಕೆ ಹೋದರು. ಆ ಊರು ಇದೇ ಸರ್ಗೋಧಾ. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿ ಇಟ್ಟುಕೊಂಡು ಉಪಚಾರ ಮಾಡಿದ್ದು ಪಾಕಿಸ್ತಾನದ ಒಬ್ಬ ನಿವೃತ್ತ ಬ್ರಿಗೇಡಿಯರ್. ಹೊರಡುವ ಹಿಂದಿನ ರಾತ್ರಿ ಅವರೇ ಹೇಳಿದರು, ನಿಮ್ಮ ಮಗನ ಎದುರು ಟ್ಯಾಂಕಿನಲ್ಲಿ ಇದ್ದವನು ನಾನೇ, ನನ್ನ ಕೈಯಲ್ಲೇ ಸತ್ತ ಅಂತ. ಅದನ್ನು ಕೇಳಿಸಿಕೊಂಡು ಆ ತಂದೆ ಹೇಗೆ ಮಲಗಿದರೋ. ಇದನ್ನು ಹೇಳೋದು ಯಾಕೆ ಅಂದರೆ, ನಿಮಗೂ ಏನಾದರೂ ಕಠಿಣ ವಿವರ ಸಿಕ್ಕರೆ ಓಡಿಹೋಗಿ ಅಜ್ಜಿಗೆ ಹೇಳಬೇಡಿ. ಪತ್ರ ಬಂದಿದೆ ಅಂತ ಹೇಳಿ. ಓದು ಅಂದರೆ ಓದಿ. ಸಾಕು ಅಂದ ಕಡೆ ನಿಲ್ಲಿಸಿ.

ದೇಹ ಬರಲಿಲ್ಲ ಅನ್ನೋ ಕೊರಗು ಅವರಿಗೆ ಇದ್ದೇ ಇರುತ್ತೆ. ಅದು ಯಾರೋ ನಿರ್ಲಕ್ಷ್ಯ ಮಾಡಿದ್ದಲ್ಲ ಅಂತ ತಿಳಿಸಿ. 1965, 1971ರಲ್ಲಿ ಹೋದವರನ್ನು ಸಾಮಾನ್ಯವಾಗಿ ರಣರಂಗದ ಹತ್ತಿರವೇ ಸಂಸ್ಕಾರ ಮಾಡುತ್ತಿದ್ದರು. ಪೆಟ್ಟಿಗೆಯಲ್ಲಿ ದೇಹ ಊರೂರಿಗೆ ಬರೋದನ್ನು ನಾವೆಲ್ಲ ನೋಡಿದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. ಎಡೆಯ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಪಂಚಾಂಗದಲ್ಲಿ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನಕ್ಕೆ ಘಾತ ಚತುರ್ದಶಿ ಅಂತ ಇರುತ್ತೆ. ಆಯುಧದಿಂದ ಸತ್ತವರಿಗೆ ಅಂತಲೇ ಇಟ್ಟಿರುವ ದಿನ. ನಿಮ್ಮ ಮನೆಯ ಪದ್ಧತಿ ಬೇರೆ ಇದ್ದರೆ ಬದಲಾಯಿಸಬೇಕು ಅಂತೇನಿಲ್ಲ, ಹೀಗೊಂದು ದಿನ ಇದೆ ಅಂತ ಗೊತ್ತಿರಲಿ.

ಈಗ ಪ್ರತಿಮೆ. ಮೊದಲನೆಯದಾಗಿ ಕಾನೂನು. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗದಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿದೆ. ಬಸ್ ಸ್ಟ್ಯಾಂಡ್ ಜಾಗ ಅದರೊಳಗೇ ಬರುತ್ತೆ. ಅದಿರಲಿ, ನಿಮ್ಮ ಹತ್ತಿರ ಎಷ್ಟು ಫೋಟೋ ಇದೆಯೋ ನನಗೆ ಗೊತ್ತಿಲ್ಲ. ಇದ್ದರೂ ಒಂದೋ ಎರಡೋ ಇರಬೇಕು. ಅದನ್ನು ನೋಡಿ ಸಿಮೆಂಟಿನಲ್ಲಿ ಮಾಡುವ ಮುಖ ಯಾರದೋ ಆಗಿರುತ್ತೆ. ದಪ್ಪ ಮೀಸೆ, ಎತ್ತಿದ ಬಂದೂಕು, ಮೇಲೆ ಬಂಗಾರದ ಬಣ್ಣ. ಅಜ್ಜಿ ನೋಡಿ 'ಇವನು ಯಾರೋ' ಅಂದರೆ ಏನು ಮಾಡುತ್ತೀರಿ? ಮೈನ್ ತೆಗೆಯುವವನ ಕೈಗೆ ಬಂದೂಕು ಕೊಟ್ಟು ನಿಲ್ಲಿಸೋದೂ ತಪ್ಪೇ ಅಲ್ವಾ.

ಊರಿನ ಹುಡುಗರಿಗೆ ಏನಾದರೂ ನಿಲ್ಲಿಸಲೇಬೇಕು ಅಂತ ಇದ್ದರೆ ಕಲ್ಲು ನಿಲ್ಲಿಸಲಿ. ವೀರಗಲ್ಲು ನಮ್ಮದೇ ಪದ್ಧತಿ, ಸಾವಿರ ವರ್ಷಕ್ಕೂ ಹಳೆಯದು. ಹಾಸನ ಜಿಲ್ಲೆಯಲ್ಲಿ ಇದ್ದುಕೊಂಡು ನೀವು ಒಂದನ್ನಾದರೂ ನೋಡದೇ ಇರೋಕೆ ಸಾಧ್ಯ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗೋದು, ಮೇಲೆ ಲಿಂಗ, ಸೂರ್ಯ, ಚಂದ್ರ. ಬರಹ ಇರುವ ಕಲ್ಲುಗಳಲ್ಲಿ ಯಾರು, ಯಾರ ಕಡೆಯವನು, ಯಾವ ಕಾಳಗ ಅನ್ನೋದು ಇರುತ್ತೆ. ಊರಿನ ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನಿಗೂ ಕಲ್ಲಿದೆ. ಬೆಂಗಳೂರಿನ ಬೇಗೂರು ದೇವಸ್ಥಾನದಲ್ಲಿರುವ, ಸುಮಾರು 890ರ ಕಲ್ಲು ಬೆಂಗಳೂರಿನ ಕಾಳಗದಲ್ಲಿ ಸತ್ತವರ ಹೆಸರು ಹೇಳುತ್ತೆ. ಕೆಲವೇ ಸಾಲು. ಬೆಂಗಳೂರು ಅನ್ನೋ ಹೆಸರು ಅಷ್ಟು ಹಿಂದೆಯೇ ಇತ್ತು ಅಂತ ನಮಗೆ ಗೊತ್ತಾಗಿದ್ದು ಆ ಕಲ್ಲಿನಿಂದಲೇ. ಆಗಿನವರು ಕಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ ಅನ್ನೋದೂ ಗಮನಿಸಿ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು.

ನಿಮ್ಮ ಕಲ್ಲಿನ ಮೇಲೆ ಇಷ್ಟು ಸಾಕು: 'ಆರ್ಮಿ ನಂಬರ್ ಇಷ್ಟು. ಸ್ಯಾಪರ್ ಇಂಥವರು. ಈ ಊರಿನ ಇಂಥವರ ಮಗ, ಇಂಥವರ ತಮ್ಮ. ಮದ್ರಾಸ್ ಎಂಜಿನಿಯರ್ ಗ್ರೂಪ್, ಇಂಥ ರೆಜಿಮೆಂಟ್. ಹುಟ್ಟಿದ್ದು 1949. ಶಕರ್‌ಗಢದಲ್ಲಿ ಮೈನ್ ತೆಗೆಯುವಾಗ ಇಂಥ ದಿನ ಸತ್ತರು. ವಯಸ್ಸು 22.' ತಂದೆಯ ಹೆಸರಿನ ಜೊತೆ ತಾಯಿಯ ಹೆಸರೂ ಹಾಕಿಸಿ. ಬಣ್ಣದಲ್ಲಿ ಬರೆಸಬೇಡಿ, ಎರಡು ಮಳೆಗಾಲಕ್ಕೆ ಹೋಗುತ್ತೆ. ಗ್ರಾನೈಟಿನಲ್ಲಿ ಆಳವಾಗಿ ಕೆತ್ತಿಸಿ. ಉದ್ಘಾಟನೆ ಮಾಡಿದ ಗಣ್ಯರ ಹೆಸರು ಈ ಕಲ್ಲಿನ ಮೇಲೆ ಬರಬಾರದು. ಈ ಒಂದು ವಿಷಯಕ್ಕೆ ಜಗಳ ಆಡಬೇಕಾಗುತ್ತೆ, ಆಡಿ. ಎಷ್ಟೋ ಊರಲ್ಲಿ ಸತ್ತವನ ಹೆಸರಿಗಿಂತ ಶಾಸಕರ ಹೆಸರು ದೊಡ್ಡದಾಗಿರೋದನ್ನು ನೋಡಿ ಸಾಕಾಗಿದೆ. ಬೇಕಾದರೆ ಅವರಿಗೆ ಬೇರೆ ಫ್ಲೆಕ್ಸ್ ಹಾಕಿಸಿ, ಅದು ವಾರಕ್ಕೆ ಹರಿದುಹೋಗುತ್ತೆ.

ಜಾಗಕ್ಕೆ ಅವರು ಓದಿದ ಶಾಲೆಯ ಆವರಣ ಒಳ್ಳೆಯದು. ಗ್ರಾಮ ಪಂಚಾಯಿತಿ ಮತ್ತು ಶಿಕ್ಷಣ ಇಲಾಖೆಯ ಒಪ್ಪಿಗೆ ಕಾಗದದಲ್ಲಿ ಪಡೆಯಿರಿ, ಬಾಯಿಮಾತು ಬೇಡ. ಶಾಲೆಯ ಹಳೆ ದಾಖಲಾತಿ ಪುಸ್ತಕದಲ್ಲಿ ಅವರ ಹುಟ್ಟಿದ ತಾರೀಖೂ ಸಿಗಬಹುದು. ಸೈನ್ಯದ ದಾಖಲೆಯ ತಾರೀಖಿಗೂ ಅದಕ್ಕೂ ವ್ಯತ್ಯಾಸ ಇದ್ದರೆ ಆಶ್ಚರ್ಯ ಪಡಬೇಡಿ. ಭರ್ತಿಯಾಗೋಕೆ ವಯಸ್ಸು ಹೆಚ್ಚಿಗೆ ಹೇಳಿದ ಹುಡುಗರು ಕಡಿಮೆ ಇರಲಿಲ್ಲ. 22 ಅಂತ ನೀವು ಅಂದುಕೊಂಡಿರೋದು 20 ಆಗಿದ್ದರೂ ಆಗಿರಬಹುದು.

ಅದಕ್ಕೇ ಹೇಳೋದು, ಕಲ್ಲು ಕೆತ್ತುವವರಿಗೆ ಈಗಲೇ ಮುಂಗಡ ಕೊಡಬೇಡಿ. ರೆಕಾರ್ಡ್ ಆಫೀಸಿನ ಪತ್ರ ಬರೋಕೆ ತಿಂಗಳುಗಟ್ಟಲೆ ಆಗಬಹುದು. ಉತ್ತರ ಬರದೇ ಹೋದರೆ ಅರ್ಜಿಯ ಪ್ರತಿ, ಸ್ವೀಕೃತಿ ಹಿಡಿದುಕೊಂಡು ಜಿಲ್ಲಾ ಕಚೇರಿಗೆ ಮತ್ತೆ ಹೋಗಿ, ಅಲ್ಲಿಂದಲೇ ನೆನಪೋಲೆ ಹಾಕಿಸಿ. ಡಿಸೆಂಬರ್ 16ಕ್ಕೆ ಕಾರ್ಯಕ್ರಮ ಮಾಡಿಬಿಡೋಣ ಅಂತ ಹುಡುಗರು ಒತ್ತಾಯ ಮಾಡುತ್ತಾರೆ. ಅದು ವಿಜಯ ದಿವಸ, ಎಲ್ಲರ ದಿನ. ನಿಮ್ಮವರ ದಿನ ಯಾವುದು ಅಂತ ಪತ್ರದಲ್ಲಿ ಬರಲಿ, ಆ ದಿನವೇ ಮಾಡಿ. ಕಾಯುವ ಹೊತ್ತಿನಲ್ಲಿ ಅಜ್ಜಿಯ ರೆಕಾರ್ಡಿಂಗನ್ನು ಅವರ ಮಾತಲ್ಲೇ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಶಾಲೆಯ ಲೈಬ್ರರಿಗೆ ಕೊಡಿ. ಬೀಡಿಯ ವಿಷಯ ಅದರಲ್ಲಿ ಇರಲಿ. ಶಾಲೆಗೆ ಅಂತ ತೆಗೆಯಬೇಡಿ.